ನಿಧಾನವಾಗಿ ಸರಿಪಡಿಸಿಕೊಳ್ಳುವವರಿಗೆ

ಚಳಿ ಮುಗಿದಿತ್ತು, ಬೇಸಿಗೆ ಇನ್ನೂ ಪೂರ್ತಿ ಕಾಲೂರಿರಲಿಲ್ಲ. ಬೆಳಗಿನ ಹನ್ನೊಂದಕ್ಕೆಲ್ಲ ಶೆಡ್ಡಿನ ತಗಡಿನ ಮಾಡು ಕಾದು ಟಿಕ್ ಟಿಕ್ಕೆನ್ನಲು ಶುರುಮಾಡುತ್ತಿತ್ತು. ಅಂಥದೊಂದು ಸೋಮವಾರ, ಅದೇ ಹೊತ್ತಿನಲ್ಲಿ, ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸದವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ತನ್ನ ತಮ್ಮ ರಟ್ಟಿನ ಮೇಲೆ ಬ್ರಷ್ಷಿನಿಂದ ಅಕ್ಷರ ಬರೆಯುವುದನ್ನು ನೋಡುತ್ತಿದ್ದ. ಐವತ್ತು ದಾಟಿದರೂ ಬರೆಯುವಾಗ ನಾಲಿಗೆಯ ತುದಿ ಹೊರಗೆ ಚಾಚುವುದು ತಮ್ಮನಿಗೆ ಹೋಗಿರಲಿಲ್ಲ. 'ಹಳೆಯ ಕಾಲದ ಕಾರು ಮಾರಾಟಕ್ಕಿದೆ. ನಿಧಾನವಾಗಿ ಸರಿಪಡಿಸಿಕೊಳ್ಳುವವರಿಗೆ ತಕ್ಕದ್ದು.' ಇಷ್ಟು ಬರೆಯಲು ಅರ್ಧ ಗಂಟೆ ಹಿಡಿದಿತ್ತು. ಶೆಡ್ಡಿನ ಮಾಲೀಕ ಜಾಗ ಬಿಡಿ ಎಂದು ಹೇಳಿ ಕಳಿಸಿದ್ದ; ಮುಂದಿನ ಅಂಗಡಿಯೊಂದು ಉಳಿಯುತ್ತಿತ್ತು, ಹಿಂದಿನ ಈ ಶೆಡ್ಡು ತಿಂಗಳ ಕೊನೆಗೆ ಖಾಲಿಯಾಗಬೇಕಿತ್ತು. ಗುಜರಿಯವನಿಗೆ ಒಂದು ಮಾತು ಹೇಳಿದರೆ ಮಧ್ಯಾಹ್ನದೊಳಗೆ ಬಂದು ಎತ್ತಿಕೊಂಡು ಹೋಗುತ್ತಾನೆ, ಇದೆಲ್ಲ ಯಾಕೆ ಎಂದು ಅಣ್ಣ ಹಿಂದಿನ ದಿನವೇ ಹೇಳಿ ನೋಡಿದ್ದ. ಹನ್ನೊಂದು ವರ್ಷದಿಂದ ಅಣ್ಣ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಬಂದ ತಮ್ಮ ಅವತ್ತು ಮಾತ್ರ ತಲೆ ಎತ್ತಿದ್ದ.

"ಅವಳು ಕೂತಿದ್ದ ಗಾಡಿ ಅಣ್ಣ. ಕತ್ತರಿಸೋರ ಕೈಗೆ ಬೇಡ. ಓಡಿಸೋರಿಗೆ ಹೋಗ್ಲಿ."

ಅವಳು ಎಂದರೆ ತಮ್ಮನ ಹೆಂಡತಿ. ಅವಳ ಮಾತು ಮನೆಯಲ್ಲಿ ಬಂದರೆ ಅಣ್ಣನ ಹೆಂಡತಿ ಸೆರಗು ಕಣ್ಣಿಗೊತ್ತಿಕೊಂಡು ಒಳಗೆ ಹೋಗುವಳು, ತಮ್ಮ ನೆಲ ನೋಡುವನು, ಅಣ್ಣ ಕೆಮ್ಮುವನು. ಬಣ್ಣದ ಧೂಳು ಕುಡಿದ ಎದೆ, ಕೆಮ್ಮಲು ಕಾರಣ ಬೇಕಿರಲಿಲ್ಲ. ಈಗಲೂ ಕೆಮ್ಮಿದ. ಕೆಮ್ಮು ನಿಂತ ಮೇಲೆ, ಆಯ್ತು, ಪಾರ್ಟ್ಸ್ ಅಂಗಡಿಯ ಗೋಡೆಗೆ ಹೊಡಿ, ಯಾರು ಬರ್ತಾರೋ ನೋಡೋಣ ಎಂದ. ಯಾರೂ ಬರಲಾರರು ಎಂಬ ಧೈರ್ಯ ಅವನಿಗಿತ್ತು. ಈ ಕಾಲದಲ್ಲಿ ಯಾರಿಗೆ ನಿಧಾನ ಬೇಕು.

ಕಾರು ಶೆಡ್ಡಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಅಣ್ಣತಮ್ಮಂದಿರು ಅದನ್ನು ತಂದಾಗ ಇಬ್ಬರಿಗೂ ಮೀಸೆ ಕಪ್ಪಿತ್ತು. ಮುಂದಿನ ಕೆನ್ನೆಗಳು ಉಬ್ಬಿ, ದೀಪಗಳು ಬೆರಗುಗೊಂಡ ಕಣ್ಣಿನ ಹಾಗೆ ಹೊರಬಂದು, ಯಾರೋ ಒಳ್ಳೆಯ ಮನೆತನದ ಮುದುಕಿ ದಾರಿ ತಪ್ಪಿ ಬಂದು ಕೂತ ಹಾಗಿತ್ತು. ವರ್ಷಕ್ಕೊಂದು ಭಾಗ ಎಂದು ಅವರು ಮಾತಾಡಿಕೊಂಡಿದ್ದರು. ಒಂದು ವರ್ಷ ಬಾಗಿಲುಗಳು, ಒಂದು ವರ್ಷ ಬಾನೆಟ್ಟು, ಇಂಜಿನ್ನಿಗೇ ಮೂರು ವರ್ಷ ಹೋಯಿತು. ತಮ್ಮ ಬೆಸೆಯುವನು, ಅಣ್ಣ ಬಣ್ಣ ಹೊಡೆಯುವನು. ತಮ್ಮನ ಬೆಸುಗೆಯೆಂದರೆ ಆಗ ಬೀದಿ ಪೂರ್ತಿ ಹೆಸರು; ಮೀನಿನ ಹುರುಪೆ ಜೋಡಿಸಿದ ಹಾಗೆ ಒಂದರ ಮೇಲೊಂದು ಸಾಲಾಗಿ ಬೀಳುತ್ತಿತ್ತು. ಇಬ್ಬರ ನಡುವೆ ಮಾತಿಲ್ಲದ ಒಂದು ಕಟ್ಟಳೆಯಿತ್ತು. ತಮ್ಮ ತಗಡನ್ನು ಮೊದಲು ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ ಬೆಸೆದು ನಿಲ್ಲಿಸುವನು, ಅದು ಬರೀ ಹಿಡಿದುಕೊಳ್ಳಲಿಕ್ಕೆ. ಆಮೇಲೆ ಓರೆಕೋರೆ ನೋಡಿ, ಸುತ್ತಲೂ ಪೂರ್ತಿ ಗೆರೆ ಎಳೆದು ಗಟ್ಟಿ ಮಾಡುವನು. ಗೆರೆ ಬಾಕಿಯಿದ್ದ ಕಡೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು ಹೋಗುವನು. ಸೊನ್ನೆ ಇದ್ದಲ್ಲಿ ಬಣ್ಣ ಮುಟ್ಟಿಸಬಾರದು. ಬಣ್ಣ ಬಿದ್ದಿದೆ ಎಂದರೆ ಬೆಸುಗೆ ಮುಗಿದಿದೆ. ಅಷ್ಟೇ ಕಾನೂನು. ಇಪ್ಪತ್ತು ವರ್ಷ ಅದು ಒಂದು ದಿನವೂ ತಪ್ಪಿರಲಿಲ್ಲ.

ಒಂದು ದಿನ ತಪ್ಪಿತು. ಅದು ಅಣ್ಣನಿಗೆ ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಆ ಸಂಜೆಯನ್ನು ಅವನು ಎಷ್ಟು ಸಲ ತಿರುವಿ ನೋಡಿದ್ದನೆಂದರೆ ಅದರ ಅಂಚೆಲ್ಲ ಸವೆದುಹೋಗಿತ್ತು. ಮಾರನೇ ದಿನ ಕಾರು ಮೊದಲ ಸಲ ರಸ್ತೆಗಿಳಿಯಬೇಕಿತ್ತು. ಬೆಳಿಗ್ಗೆಯಿಂದ ನೋಡಲು ಬಂದವರೆಲ್ಲ ಬೆಸುಗೆಯ ಮೇಲೆ ಬೆರಳಾಡಿಸಿ ಭೇಷ್ ಎಂದಿದ್ದರು. ಪಕ್ಕದ ಟೈರಿನ ಅಂಗಡಿಯವನಂತೂ, ಬಣ್ಣ ಯಾರು ಬೇಕಾದ್ರೂ ಬಳೀತಾರಪ್ಪ, ಮುಖಕ್ಕೆ ಪೌಡರ್ ಹಾಕಿದ ಹಾಗೆ, ಮೂಳೆ ಕೂಡಿಸೋದು ಕಣಯ್ಯ ಕಸುಬು ಎಂದು ನಕ್ಕಿದ್ದ. ಅಣ್ಣನೂ ನಕ್ಕಿದ್ದ. ನಗು ಗಂಟಲಲ್ಲಿ ಮೀನುಮುಳ್ಳಿನ ಹಾಗೆ ಕೂತಿತ್ತು. ತಮ್ಮ ಹೆಂಡತಿಯೊಡನೆ ಎಲ್ಲೋ ಹೋಗುವುದಿದೆಯೆಂದು ಬೇಗ ಹೊರಟುಹೋದ. ಅಣ್ಣ ಕಾರಿನ ತಳಕ್ಕೆಂದು ಗಟ್ಟಿಕಾರಕ ಬೆರೆಸಿ ಕರಿಬಣ್ಣ ಕಲಸಿ ಇಟ್ಟಿದ್ದ. ಅದು ಒಮ್ಮೆ ಕಲಸಿದರೆ ಕಾಯುವುದಿಲ್ಲ, ಎರಡು ಗಂಟೆಯಲ್ಲಿ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಬಗ್ಗಿ ನೋಡಿದರೆ ಮುಂದಿನ ಸೀಟಿನ ಕಾಲು ಕೂರುವ ತಗಡಿನ ಪಕ್ಕದಲ್ಲಿ ಒಂದು ಸೊನ್ನೆ. ಅವನು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಒರೆಸಲು ಮರೆತಿದ್ದಾನೆ ಅಂದುಕೊಂಡ. ಹೆಂಡತಿ ಕರೆದಳೆಂದರೆ ಇವನಿಗೆ ಇನ್ನೊಂದು ಕಾಣುವುದಿಲ್ಲ ಅಂದುಕೊಂಡ. ಟಾರ್ಚು ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು, ಬೆಳಕು ಬಿಟ್ಟಿದ್ದರೆ ಚುಕ್ಕೆಯೋ ಗೆರೆಯೋ ಗೊತ್ತಾಗುತ್ತಿತ್ತು. ಬಿಡಲಿಲ್ಲ. ಒದ್ದೆ ಬಟ್ಟೆಯಿಂದ ಸೊನ್ನೆಯನ್ನು ಒರೆಸಿದ, ಬಣ್ಣ ಬಳಿದ, ಮೇಲೆ ಟಾರು ಬಳಿದ. ಮರೆತಿದ್ದಾನೆಂದು ನಿಜವಾಗಿ ನಂಬಿದ್ದೆನೋ, ಅಥವಾ ಕಸುಬುಗಾರನ ಕೆಲಸದ ಮೇಲೆ ಒಂದು ಸಲವಾದರೂ ನನ್ನ ಬಣ್ಣ ಮೊದಲು ಮಾತಾಡಲಿ ಎಂದಿತ್ತೋ ಎಂದು ಹನ್ನೊಂದು ವರ್ಷದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಉತ್ತರ ಪ್ರತಿಸಲ ಬಾಗಿಲ ತನಕ ಬಂದು ವಾಪಸು ಹೋಗುತ್ತಿತ್ತು.

ಮಾರನೇ ದಿನ ತಮ್ಮ ಬಂದು ತಳ ನೋಡಿದ. ಬಣ್ಣ ಬಿದ್ದಿತ್ತು. ಹಾಗಾದರೆ ಮುಗಿಸಿದ್ದೇನೆ ಎಂದುಕೊಂಡು ಸೀಟು ಕೂರಿಸಿದ. ನಾಲ್ವರೂ ಹೊರಟರು; ತಮ್ಮ ಸ್ಟಿಯರಿಂಗ್ ಹಿಡಿದು, ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ಅಣ್ಣನೂ ಅಣ್ಣನ ಹೆಂಡತಿಯೂ. ತಮ್ಮನ ಹೆಂಡತಿ ಹಿಂದಕ್ಕೆ ತಿರುಗಿ, "ಭಾವ, ನಿಮ್ಮ ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ತಲೆ ತಿರುಗ್ತಿದೆ" ಎಂದು ನಕ್ಕಳು. ಇಳಿಜಾರಿನಲ್ಲಿ ಒಂದು ನಾಯಿ ಅಡ್ಡ ಬಂತು. ತಮ್ಮ ಬ್ರೇಕು ತುಳಿದ, ಅಷ್ಟೇ. ನಾಯಿಗೆ ಏನೂ ಆಗಲಿಲ್ಲ. ಸೀಟು ಬುಡಸಮೇತ ಕಿತ್ತು, ಅವಳನ್ನು ಹೊತ್ತುಕೊಂಡೇ ಮುಂದಕ್ಕೆ ಹೋಯಿತು. ಆ ಸದ್ದು ಕೇಳಿದ ಕ್ಷಣದಲ್ಲೇ, ಅವಳ ತಲೆಯಿಂದ ರಕ್ತ ಬರುವ ಮೊದಲೇ, ಅಣ್ಣನಿಗೆ ಎಲ್ಲ ಗೊತ್ತಾಗಿತ್ತು.

ಬೆಸುಗೆ ಕೈಕೊಟ್ಟಿತು ಎಂದರು ನೋಡಿದವರು. ತಮ್ಮ ತಾನೇ ಎಂದ, ನನ್ನ ಬೆಸುಗೆ, ನನ್ನ ಬೆಸುಗೆ ಎಂದು ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡ. ಆಗ ಹೇಳಬಹುದಿತ್ತು. ಇವತ್ತು ಬೇಡ, ಅವನಿಗೆ ಸ್ವಲ್ಪ ಸಮಾಧಾನವಾಗಲಿ ಎಂದುಕೊಂಡ. ಹದಿನೈದು ದಿನದ ಮೇಲೆ ತಾನೊಬ್ಬನೇ ಕಾರಿನ ತಳಕ್ಕಿಳಿದು, ಕಿತ್ತ ತಗಡನ್ನು ಬಡಿದು ಮಟ್ಟ ಮಾಡಿ, ಬೋಲ್ಟು ಬಿಗಿದು ನಿಲ್ಲಿಸಿ, ಮತ್ತೆ ಕಪ್ಪು ಬಳಿದ. ತಮ್ಮನ ಕಣ್ಣಿಗೆ ಬೀಳಬಾರದೂಂತ ತಾನೇ ಮಾಡಿದ ನೋಡಿ ಎಂದು ಜನ ಕೊಂಡಾಡಿದರು. ತಮ್ಮ ಮತ್ತೆ ಬೆಸುಗೆಯ ಕೋಲು ಹಿಡಿಯಲಿಲ್ಲ. ಅಣ್ಣ ಅವನನ್ನು ಮನೆಗೆ ಕರೆತಂದ. ಊಟ, ಬಟ್ಟೆ, ಮಲಗಲು ಕಿಟಕಿಯಿರುವ ಕೋಣೆ. ಅಂಗಡಿಯಲ್ಲಿ ಮರಳುಕಾಗದ ಉಜ್ಜುವ ಕೆಲಸ ಕೊಟ್ಟ. ಮೀನಿನ ಹುರುಪೆಯಂಥ ಗೆರೆ ಎಳೆದ ಕೈ ಹನ್ನೊಂದು ವರ್ಷದಿಂದ ತಗಡು ಉಜ್ಜುತ್ತಿತ್ತು. ಇಂಥ ಅಣ್ಣ ಎಲ್ಲಿ ಸಿಗ್ತಾನೆ ಎಂದು ಬೀದಿ ಹೇಳುತ್ತಿತ್ತು. ಹಾಗೆ ಹೇಳಿದಾಗಲೆಲ್ಲ ಅವನಿಗೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗುತ್ತಿತ್ತು. ಆದರೂ ಹೇಳದೇ ಹೋದ ದಿನ ಏನೋ ಕಡಿಮೆಯಾದಂತೆಯೂ ಅನ್ನಿಸುತ್ತಿತ್ತು. ಅದು ಎಲ್ಲಕ್ಕಿಂತ ಹೊಲಸು ಎಂದು ಅವನಿಗೆ ಗೊತ್ತಿತ್ತು.

ಯಾರೂ ಬರಲಾರರು ಎಂದುಕೊಂಡಿದ್ದ ಕಡೆಗೆ ಮಂಗಳವಾರ ಮಧ್ಯಾಹ್ನವೇ ಒಬ್ಬಾಕೆ ಬಂದಳು. ಹಲ್ಲಿನ ಡಾಕ್ಟರು. ನಲವತ್ತೈದರ ಹೆಂಗಸು, ಗಂಡಸರ ಹಾಗೆ ತೋಳು ಮಡಿಚಿದ ಅಂಗಿ, ಜೇಬಿನಲ್ಲಿ ಹಲ್ಲು ನೋಡುವ ಪುಟ್ಟ ಕನ್ನಡಿ. ತಮ್ಮ ಟಾರ್ಪಾಲು ಸರಿಸಿದ. ಅವಳು ಕಾರಿನ ಕೆನ್ನೆಯನ್ನು ಬೆರಳಗೆಣ್ಣಿನಿಂದ ಟಕ್ ಟಕ್ಕೆಂದು ಬಡಿಯುತ್ತ ಸುತ್ತ ಬಂದಳು, ಇಲ್ಲಿ ಹುಳುಕು, ಇಲ್ಲಿ ಗಟ್ಟಿ, ಇಲ್ಲಿ ಯಾರೋ ಸಿಮೆಂಟು ತುಂಬಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಳು. ತಮ್ಮ ಅವಳ ಹಿಂದೆ ಹಿಂದೆ ಹೋಗುತ್ತ, ಯಾವ ವರ್ಷ ಯಾವ ಭಾಗ ಮಾಡಿದ್ದೆಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಎಷ್ಟು ದಿನ ಹಿಡಿಯಬಹುದು ಇದನ್ನು ಓಡುವಂತೆ ಮಾಡಲು ಎಂದು ಅಣ್ಣ ಕೇಳಿದ; ಭಯಪಡಿಸಲೆಂದೇ ಕೇಳಿದ್ದು.

"ಹತ್ತು ವರ್ಷ ಹಿಡೀಲಿ, ನನಗೇನು. ದಿನಾ ಬೇರೆಯವರ ಬಾಯಲ್ಲಿ ಅವಸರ ಮಾಡಿ ಸಾಕಾಗಿದೆ. ಇದಾದ್ರೆ ಕಿರುಚಲ್ಲ, ಕಚ್ಚೋದೂ ಇಲ್ಲ."

ತಮ್ಮ ನಕ್ಕ. ಅಣ್ಣ ಬೆಚ್ಚಿದ, ಆ ನಗುವನ್ನು ಕೇಳಿ ವರ್ಷಗಳಾಗಿದ್ದವು. ಡಾಕ್ಟರಮ್ಮ ಮಂಡಿಯೂರಿ ಕೂತು ಪುಟ್ಟ ಕನ್ನಡಿಯನ್ನು ಕಾರಿನ ತಳಕ್ಕೆ ಹಿಡಿದಳು. ನಾನು ಮೊದಲು ತಳದ ಬಣ್ಣವನ್ನೆಲ್ಲ ಕೆರೆದು ತೆಗೀತೀನಿ, ಬೇರು ನೋಡದೆ ಹಲ್ಲು ಮುಟ್ಟೋಳಲ್ಲ ನಾನು ಎಂದಳು. ಅಣ್ಣ ಕೆಮ್ಮಿದ. ತಳದ ಬಣ್ಣ ತೆಗೆದರೆ ಆ ತಗಡಿನ ಸುತ್ತ ಗೆರೆಯೇ ಇಲ್ಲದ್ದು, ಕಿತ್ತ ನಾಲ್ಕು ಚುಕ್ಕೆ ಮಾತ್ರ ಇರುವುದು, ಕುರುಡನಿಗೂ ಕಾಣುತ್ತದೆ. ಚುಕ್ಕೆಯಿದ್ದಲ್ಲಿ ಸೊನ್ನೆ ಇರಲೇಬೇಕಿತ್ತು. ಸೊನ್ನೆ ಇದ್ದಲ್ಲಿ ಬಣ್ಣ ಹೊಡೆದವನು ಯಾರು?

ಅವನು ಯೋಚಿಸಿ ಆಡಿದ ಮಾತಲ್ಲ. ತನ್ನ ಗಂಟಲಿನಿಂದ ಬರುವುದನ್ನು ತಾನೇ ಬೇರೆ ಯಾರದೋ ಮಾತಿನ ಹಾಗೆ ಕೇಳಿಸಿಕೊಂಡ. ತಳ ಪೂರ್ತಿ ಹೋಗಿದೆ ಡಾಕ್ಟರೇ, ಆ ಬೆಸುಗೆಗಳನ್ನು ನಂಬಬೇಡಿ, ಒಂದೂ ಸರಿಯಿಲ್ಲ, ನಿಮ್ಮ ಜೀವಕ್ಕೆ ನಾನು ಹೊಣೆಯಾಗಲಾರೆ, ಗುಜರಿಗೆ ಹೋಗೋ ಮಾಲು ಇದು ಎಂದ. ತಮ್ಮ ಒಂದು ಹೆಜ್ಜೆ ದೂರದಲ್ಲಿ, ಟಾರ್ಪಾಲಿನ ತುದಿ ಹಿಡಿದು ನಿಂತಿದ್ದ. ಡಾಕ್ಟರಮ್ಮ ತಲೆ ಎತ್ತಿ, ಯಾರು ಮಾಡಿದ ಬೆಸುಗೆ ಎಂದು ಕೇಳಿದಳು. ತಮ್ಮ ಟಾರ್ಪಾಲನ್ನು ಮೆಲ್ಲನೆ ಕೆಳಗಿಟ್ಟ.

"ನಾನೇ ಅಮ್ಮ ಮಾಡಿದ್ದು. ಅಣ್ಣ ಹೇಳೋದು ನಿಜ. ಒಂದು ಜೀವ ತೆಗೆದ ಬೆಸುಗೆ ಅದು."

ಮಾಡು ಟಿಕ್ಕೆಂದಿತು. ಡಾಕ್ಟರಮ್ಮ ಎದ್ದು ಮಂಡಿಯ ಧೂಳು ಕೊಡವಿಕೊಂಡು, ಯಾರ ಜೀವ ಎಂದು ಕೇಳದೆ, ತಮ್ಮನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಬಾಗಿಲ ಕೀಲಿನ ಹತ್ತಿರದ ಬೆಸುಗೆಯನ್ನು ಮುಟ್ಟಿ, ಇದೂ ನಿಮ್ಮದೇ ತಾನೆ, ಇಂಥದು ನಾನು ನೋಡಿಲ್ಲ ಎಂದಳು. ಹಾಗಾದರೆ ಕೆಟ್ಟದ್ದನ್ನು ನೀವೇ ಬಂದು ಬಿಚ್ಚಿಕೊಡಿ, ನೀವೇ ಮತ್ತೆ ಹಾಕಿ. ವಾರಕ್ಕೆ ಎರಡು ದಿನ ನಮ್ಮನೆ ಹಿತ್ತಲಿಗೆ ಬನ್ನಿ, ನಾನು ಚಾಕರಿ ಮಾಡ್ತೀನಿ, ನೀವು ಗುರುಗಳು ಎಂದಳು. ಶುಕ್ರವಾರ ಬೆಳಿಗ್ಗೆ ಎಳೆಯುವ ಲಾರಿ ತರುತ್ತೇನೆಂದು ಹೇಳಿ ಹೋದಳು. ತಮ್ಮ ಬಾಗಿಲಲ್ಲೇ ನಿಂತಿದ್ದ. ಅವನ ಮುಖದ ಮೇಲೆ ಬಂದಿದ್ದು ಸಂತೋಷವೆಂದು ಅಣ್ಣನಿಗೆ ಗುರುತು ಹತ್ತಲು ಹೊತ್ತು ಹಿಡಿಯಿತು.

ಬುಧವಾರ ತಮ್ಮ ಅಟ್ಟದಿಂದ ಬೆಸುಗೆಯ ಪೆಟ್ಟಿಗೆ ಇಳಿಸಿದ. ಜೇಡರ ಬಲೆ ಒರೆಸಿ, ತಂತಿ ಕೂಡಿಸಿ, ಅಂಗಡಿಯ ಹಿಂದೆ ಎರಡು ತಗಡಿನ ಚೂರು ಇಟ್ಟುಕೊಂಡು ಕೂತ. ಮೊದಲ ಗೆರೆ ಕುಡುಕನ ನಡಿಗೆಯ ಹಾಗೆ ಹೋಯಿತು. ಎರಡನೆಯದರಲ್ಲಿ ತಗಡು ತೂತು ಬಿತ್ತು. ನಾಲ್ಕನೆಯದೋ ಐದನೆಯದೋ ನೆಟ್ಟಗೆ ಬಂತು. ನೀಲಿ ಬೆಳಕು ಗೋಡೆಯ ಮೇಲೆ ಕುಣಿಯುವುದನ್ನು ಅಣ್ಣ ಒಳಗಿನಿಂದ ನೋಡಿದ. ನೇರ ನೋಡಬಾರದ ಬೆಳಕು ಅದು, ಅಣ್ಣ ಮುಖ ತಿರುಗಿಸಿಕೊಂಡ. ಅವನ ಹೆಂಡತಿ ಚಹಾ ತಂದವಳು ಲೋಟ ಹಿಡಿದುಕೊಂಡೇ ಅತ್ತಳು, ಅವಳು ಹೋದ ಮೇಲೆ ಇವನೂ ಹೋಗಿಬಿಟ್ಟಿದ್ದ, ಈಗ ಬಂದ ಕಣ್ರೀ ಎಂದಳು. ಊಟಕ್ಕೆ ಕೂತಾಗ ತಮ್ಮ ಎಂದೂ ಇಲ್ಲದ್ದು ಎರಡನೇ ಸಲ ಬಡಿಸಿಕೊಂಡ. ಮುಖವಾಡದ ಕರಿಗಾಜು ಬಿರುಕು ಬಿಟ್ಟಿದೆ, ನಾಳೆ ಪೇಟೆಗೆ ಹೋಗಿ ಹೊಸದು ತರುತ್ತೇನೆ, ಬಸ್ಸಿನಲ್ಲಿ ಹೋಗಿ ಬರಲು ಮಧ್ಯಾಹ್ನ ದಾಟಬಹುದು ಎಂದ. ಅನ್ನ ಕಲಸುತ್ತ, ತಲೆ ಎತ್ತದೆ, ಆ ತಗಡನ್ನ ಒಂದ್ಸಲ ಕಣ್ಣಿಂದ ನೋಡ್ಬೇಕು ಅಣ್ಣ, ಎಲ್ಲಿ ತಪ್ಪಿದೆ ಅಂತ ತಿಳೀಬೇಕು, ಹನ್ನೊಂದು ವರ್ಷ ನೋಡೋಕೆ ಧೈರ್ಯ ಇರ್ಲಿಲ್ಲ ಎಂದ. ಅಣ್ಣ ನೀರು ಕುಡಿದ. ಲೋಟ ಕೆಳಗಿಟ್ಟಾಗ ಅದು ಖಾಲಿಯಿತ್ತೆಂದು, ಮೊದಲಿಂದಲೂ ಖಾಲಿಯಿತ್ತೆಂದು ತಿಳಿಯಿತು.

ಗುರುವಾರ ತಮ್ಮ ಬಸ್ಸು ಹತ್ತಿದ ಅರ್ಧ ಗಂಟೆಗೆ ಗುಜರಿಯವನು ಬಂದ. ಅವನನ್ನು ಎಲ್ಲರೂ ತೂಕಣ್ಣ ಎನ್ನುತ್ತಿದ್ದರು. ಆನೆ ಎದುರು ಬಂದರೂ ಮೂಳೆ ಬಿಟ್ಟು ಎಷ್ಟು ತೂಗುತ್ತೆ ಎಂದು ಕೇಳುವವನು. ಇಡೀ ಗಾಡಿ ಎಳೆದುಕೊಂಡು ಹೋಗಲು ಲಾರಿಯಿಲ್ಲ, ಇಲ್ಲೇ ಕತ್ತರಿಸಿ ಒಯ್ಯುತ್ತೇನೆ ಎಂದ. ಗ್ಯಾಸಿನ ಬೆಂಕಿ ಬಾನೆಟ್ಟಿನ ಮೇಲೆ ಹರಿದಾಗ ಅಣ್ಣ ಹೊರಗೆ ಹೋಗಬೇಕೆಂದುಕೊಂಡ, ಹೋಗಲಿಲ್ಲ. ತಾನು ಏಳು ಪದರ ಹೊಡೆದ ಬಣ್ಣ ಗುಳ್ಳೆಯೆದ್ದು, ಕಂದಿ, ಹೊಗೆಯಾಗುತ್ತಿತ್ತು. ವಾಸನೆಗೆ ತಲೆ ತಿರುಗಿತು. ತಮ್ಮನ ಬೆಸುಗೆಗಳು ಮಾತ್ರ ಬೇಗ ಬಿಡಲಿಲ್ಲ. ಇದೇನಣ್ಣ ಹಟಮಾರಿ ಗಾಡಿ ಎಂದು ತೂಕಣ್ಣ ಬೈದುಕೊಂಡ. ಒಂದು ಗಂಟೆ ದಾಟಿದ ಮೇಲೆ ತಳದ ತಗಡನ್ನು ಮಗುಚಿ ಹಾಕಿದ. ಬೆಂಕಿಯ ಕಾವಿಗೆ ಟಾರು ಕರಗಿ ಸರಿದು, ಅಲ್ಲೇ, ಅಂಗೈಯಗಲದಲ್ಲಿ, ಕಿತ್ತ ನಾಲ್ಕು ಚುಕ್ಕೆಗಳು ಕಾಣುತ್ತಿದ್ದವು. ಸುತ್ತ ಗೆರೆಯಿರಲಿಲ್ಲ. ಹನ್ನೊಂದು ವರ್ಷ ಕಾದು ಕೂತಿದ್ದವು ಅವು, ಕೇಳಿದರೆ ಹೇಳುವುದಕ್ಕೆ ಸಿದ್ಧವಾಗಿ. ತೂಕಣ್ಣನೂ ಕಸುಬು ಬಲ್ಲವನೇ, ಬಗ್ಗಿ ನೋಡಿದ. ಬರೀ ಚುಕ್ಕೆ ಹಾಕಿ ಬಿಟ್ಟಿದ್ದಾನಲ್ಲಣ್ಣ, ಯಾವ ಹೆಬ್ಬೆಟ್ಟು ಮಾಡಿದ್ದು ಇದನ್ನ ಎಂದ.

"ನನ್ನ ತಮ್ಮ" ಎಂದ ಅಣ್ಣ.

ಆ ಒಂದು ತುಂಡನ್ನು ಎತ್ತಿಟ್ಟುಕೊಳ್ಳಬಹುದಿತ್ತು. ತೂಕಣ್ಣ ಕೇಳಿಯೂ ಕೇಳಿದ, ಇದು ಬೇಕಾ ಎಂದು. ಬೇಡ, ಅದನ್ನೂ ಹಾಕು ಎಂದ. ಕೈಗಾಡಿಯೊಳಗೆ ಅದು ಬಿದ್ದ ಸದ್ದಿಗೆ ಕಿವಿ ಕೊಟ್ಟು ಕಾದ; ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ತಗಡು ಅವತ್ತೇ ಸಂಜೆ ಕುಲುಮೆಯ ಲಾರಿಗೆ ಹೋಗುತ್ತದೆ ಎಂದು ತೂಕಣ್ಣ ಹೇಳಿ ಹೋದ.

ತಮ್ಮ ಮೂರು ಗಂಟೆಗೆ ಬಂದ, ಕರಿಗಾಜನ್ನು ಕಾಗದದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು. ಶೆಡ್ಡಿನಲ್ಲಿ ನಾಲ್ಕು ದಿಮ್ಮಿಗಳಿದ್ದವು, ಸುಟ್ಟ ಬಣ್ಣದ ಬೂದಿಯಿತ್ತು. ಅಣ್ಣ ಹೇಳಲೆಂದು ಮೂರು ಸುಳ್ಳುಗಳನ್ನು ಜೋಡಿಸಿಟ್ಟಿದ್ದ, ಒಂದೂ ಬೇಕಾಗಲಿಲ್ಲ. ತಮ್ಮ ದಿಮ್ಮಿಯೊಂದರ ಮೇಲೆ ಕೂತು, ಬೂದಿಯನ್ನು ಚಪ್ಪಲಿಯ ತುದಿಯಿಂದ ಒಟ್ಟುಮಾಡಿ, ಆಮೇಲೆ ಮಾತಾಡಿದ. ಅವನ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಅಣ್ಣ ಬದುಕಿಕೊಳ್ಳುತ್ತಿದ್ದ.

"ಸರಿ ಬಿಡು. ನನ್ನ ಕೈಗೆ ಇನ್ನೊಂದು ಜೀವ ಕೊಡೋಕೆ ನಿನಗೆ ಮನಸ್ಸು ಬರ್ಲಿಲ್ಲ. ನೀನು ಮಾಡಿದ್ದೇ ಸರಿ."

ಎದ್ದು ಹೋಗಿ, ಅಂಗಡಿಯಲ್ಲಿ ಅರ್ಧಕ್ಕೆ ನಿಂತಿದ್ದ ಬಾಗಿಲೊಂದನ್ನು ಮರಳುಕಾಗದದಿಂದ ಉಜ್ಜತೊಡಗಿದ. ಸರ್ ಸರ್ ಎನ್ನುವ ಆ ಸದ್ದು ಹೊತ್ತು ಮುಳುಗುವ ತನಕ ನಿಲ್ಲಲಿಲ್ಲ.

ಶುಕ್ರವಾರ ಬೆಳಿಗ್ಗೆ ಡಾಕ್ಟರಮ್ಮನ ಲಾರಿ ಬಂದಾಗ ಅವಳೆದುರು ನಿಂತವನೂ ತಮ್ಮನೇ. ಅಣ್ಣ ನಿಮ್ಮ ಒಳ್ಳೆಯದಕ್ಕೇ ಮಾಡಿದ್ದಾನೆ ಅಮ್ಮ, ಬೇಜಾರು ಮಾಡ್ಕೋಬೇಡಿ, ನನ್ನ ಕೈ ಈಗ ಮೊದಲಿನ ಕೈಯಲ್ಲ ಎಂದು ವಿವರಿಸಿದ. ಡಾಕ್ಟರಮ್ಮ ಅವನ ಮಾತು ಕೇಳುತ್ತ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಹೋಗುವಾಗ ಅಣ್ಣನ ಹತ್ತಿರ ನಿಂತು, ನನ್ನ ಕುರ್ಚಿಯಲ್ಲಿ ಕೂತವರು ಕೆಲವರು ನೋಯೋ ಹಲ್ಲು ಬಿಟ್ಟು ಪಕ್ಕದ್ದನ್ನ ತೋರಿಸ್ತಾರೆ, ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ ಎಂದಷ್ಟೇ ಹೇಳಿದಳು. ಖಾಲಿ ಲಾರಿ ತಿರುಗಿಸಿಕೊಂಡು ಹೋಯಿತು. ಟೈರಿನ ಅಂಗಡಿಯವನು, ಈಗ ಅವನಿಗೆ ಹಲ್ಲಿರಲಿಲ್ಲ, ಬಾಗಿಲಲ್ಲಿ ನಿಂತು, ತಮ್ಮನ ಮಾನ ಉಳಿಸೋಕೆ ಗಾಡಿಯನ್ನೇ ಕಳಕೊಂಡ ನೋಡ್ರಪ್ಪಾ ಎಂದು ಯಾರಿಗೋ ಹೇಳುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಕೂತರು. ಹೆಂಡತಿ ಬಡಿಸುತ್ತ ನಿಂತಿದ್ದಳು. ತಮ್ಮ ಎಂದಿನಂತೆ ಒಂದೇ ಸಲ ಬಡಿಸಿಕೊಂಡು ಸಾಕು ಎಂದು ಕೈ ಅಡ್ಡ ಹಿಡಿದ. ಆ ಕೈ. ಅಣ್ಣ ತಟ್ಟೆ ಸರಿಸಿ ಹೇಳಿಬಿಟ್ಟ. ಅಡ್ಡಾದಿಡ್ಡಿ ಹೇಳಿದ, ಮೊದಲು ಟಾರು, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಟೈರಿನವನ ಮಾತು, ಕಲಸಿದ ಬಣ್ಣ, ಎತ್ತಿಕೊಳ್ಳದೇ ಹೋದ ಟಾರ್ಚು. ನೀನು ಸೊನ್ನೆ ಬರೆದಿದ್ದೆ, ನಾನು ಒರೆಸಿದೆ, ನಿನ್ನೆ ಆ ತಗಡನ್ನ ನಾನು ಕಣ್ಣಾರೆ ನೋಡಿದೆ, ಚುಕ್ಕೆ ಮಾತ್ರ ಇತ್ತು, ಬೇಕಾದರೆ ತೂಕಣ್ಣನನ್ನು ಕೇಳು ಎಂದ. ಹನ್ನೊಂದು ವರ್ಷ ಅವನು ಈ ಗಳಿಗೆಯನ್ನು ಬೇರೆ ಬೇರೆ ಥರ ಕಂಡಿದ್ದ: ತಮ್ಮ ಕತ್ತು ಹಿಡಿಯುತ್ತಾನೆ, ತಮ್ಮ ಉಗಿಯುತ್ತಾನೆ, ತಮ್ಮ ಕೂಗುತ್ತಾನೆ. ತಮ್ಮ ತಟ್ಟೆಯ ಅಂಚಿನ ಅನ್ನದ ಅಗುಳನ್ನು ಬೆರಳಿಂದ ಒಳಗೆ ಸರಿಸುತ್ತಿದ್ದ.

"ಚುಕ್ಕೆ ಮಾತ್ರ ಇತ್ತಾ? ಹಾಗಾದ್ರೆ ಮರೆತಿದ್ದೆ ನಾನು. ಅವಳು ಕಾಯ್ತಿದ್ದಾಳೆ ಅಂತ ಓಡಿದ್ದೆ ಅವತ್ತು."

"ಮರೆತಿಲ್ಲ ಕಣೋ. ಸೊನ್ನೆ ಇತ್ತು. ನಾನು ಒರೆಸಿದೆ."

"ಸೊನ್ನೆ ಇದ್ದಿದ್ರೆ ನೀನು ಬಣ್ಣ ಹೊಡೀತಿದ್ಯಾ ಅಣ್ಣ? ಇಪ್ಪತ್ತು ವರ್ಷದಲ್ಲಿ ಒಂದ್ಸಲ ಹೊಡೆದಿದ್ದೀಯಾ? ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ, ನಿನ್ನ ಕೈ ಮೇಲಿದೆ." ಮೆಲ್ಲಗೆ ಹೇಳಿದ. "ಊಟ ಕೊಟ್ಟೆ, ಕೋಣೆ ಕೊಟ್ಟೆ. ಅವಳನ್ನ ಕೊಂದವನು ಅನ್ನೋದೊಂದು ನನ್ನದು ಅಂತ ಉಳಿದಿತ್ತು. ಅದನ್ನೂ ನೀನೇ ತಗೊಂಡ್ರೆ ನನಗೇನಿದೆ ಅಣ್ಣ?"

ಅಣ್ಣ ಎದ್ದು ಅವನ ಎರಡೂ ಹೆಗಲು ಹಿಡಿದು ಅಲುಗಿಸಿದ, ನಂಬೋ, ನಂಬೋ ಎಂದ. ತಮ್ಮ ಸುಮ್ಮನೆ ಅಲುಗಿಸಿಕೊಂಡ, ಜ್ವರದವನನ್ನು ಸಹಿಸಿಕೊಳ್ಳುವವನ ಹಾಗೆ. ಹಿಂದೆ ಹೆಂಡತಿ ಬಿಕ್ಕುವುದು ಕೇಳಿಸಿತು. ದೇವರಂಥ ಮನುಷ್ಯ ಎನ್ನುತ್ತಿದ್ದಳು ಅವಳು, ತಮ್ಮನಿಗೋಸ್ಕರ ಎಂಥ ಮಾತು ಬಾಯಿಂದ ತೆಗೀತಾರೆ ನೋಡು. ಅಣ್ಣ ಅವಳ ಕಡೆ ತಿರುಗಿದ. ಅವಳು ಅವತ್ತು ಕಾರಿನಲ್ಲಿ ತನ್ನ ಪಕ್ಕದಲ್ಲೇ ಕೂತಿದ್ದಳು, ಆ ಸದ್ದು ಅವಳೂ ಕೇಳಿದ್ದಳು. ಅವಳ ಕಣ್ಣಲ್ಲಿ ಹುಡುಕಿದ, ಅನುಮಾನದ ಒಂದು ಎಳೆಯಾದರೂ ಇದ್ದೀತೆಂದು. ಬರೀ ಮಮತೆಯಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಅವನು ತೂಕಣ್ಣನ ಅಂಗಳಕ್ಕೆ ಹೋದ. ಅಲ್ಲಿ ಸೈಕಲ್ಲು, ಕಿಟಕಿ ಸರಳು, ತೂತುಬಿದ್ದ ಡ್ರಮ್ಮು ಎಲ್ಲ ಬೆಟ್ಟದ ಹಾಗೆ ಬಿದ್ದಿದ್ದವು. ಅವನು ಎರಡೂ ಕೈಯಿಂದ ಕೆದಕಿದ, ಒಂದು ಉಗುರು ಕಿತ್ತು ಬಂತು. ನಿನ್ನೆಯೇ ಹೋಯ್ತಣ್ಣ ಕುಲುಮೆಗೆ, ಇಷ್ಟೊತ್ತಿಗೆ ಪಾಯಸ ಆಗಿರುತ್ತೆ ಎಂದ ತೂಕಣ್ಣ. ಹಾಗಾದರೆ ನೀನೇ ಬಂದು ಹೇಳು, ಚುಕ್ಕೆ ಮಾತ್ರ ಇದ್ದದ್ದು ನೋಡಿದ್ದೀಯಲ್ಲ ಎಂದು ಅಣ್ಣ ಅವನ ತೋಳು ಹಿಡಿದ. ತೂಕಣ್ಣನಿಗೆ ಏನೂ ಅರ್ಥವಾಗಲಿಲ್ಲ. ಹೇಳ್ತೀನಿ, ಅದಕ್ಕೇನು, ನಿಮ್ಮ ತಮ್ಮ ಗೆರೆ ಎಳೆಯೋದು ಮರೆತಿದ್ದ ಅಂತ ತಾನೆ, ನೀವೇ ಹೇಳಿದ್ರಲ್ಲ ಎಂದ. ಅಣ್ಣ ತೋಳು ಬಿಟ್ಟ. ಬೆರಳಿಂದ ರಕ್ತ ಒಸರುತ್ತಿತ್ತು, ಅದನ್ನು ಅಂಗಿಗೆ ಒರೆಸಿಕೊಂಡು ಬಿಸಿಲಲ್ಲಿ ಹಿಂದಕ್ಕೆ ನಡೆದ. ದಾರಿಯುದ್ದಕ್ಕೂ ಜನ ಎಂದಿನಂತೆ ತಲೆ ಬಾಗಿಸಿ ಮಾತಾಡಿಸಿದರು, ಅವನೂ ಎಂದಿನಂತೆ ಬಾಗಿಸಿದ.

ಮನೆಗೆ ಬಂದಾಗ ತಮ್ಮ ಬಟ್ಟೆ ಮಡಿಚುತ್ತಿದ್ದ. ಎಲ್ಲಿಗೆ ಎಂದರೆ, ದೂರದ ಯಾವುದೋ ಪೇಟೆಯಲ್ಲಿ ಮರದ ಕಾರ್ಖಾನೆಯಂತೆ, ಉಜ್ಜುವವರು ಬೇಕಂತೆ, ಬಸ್ಸಿನಲ್ಲಿ ಪಕ್ಕ ಕೂತವನು ಹೇಳಿದ್ದ ಎಂದ. ಇಲ್ಲಿದ್ದರೆ ನೀನು ಇನ್ನೂ ಏನೇನು ಹೊತ್ಕೋತೀಯೋ, ನಿನ್ನ ಬೆನ್ನು ನೋಡೋಕಾಗಲ್ಲ ಎಂದ. ಅಣ್ಣ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಹೇಳಲು ಬಾಯಿ ತೆರೆದ. ಹೇಳಿದಷ್ಟೂ ತಾನು ದೊಡ್ಡವನಾಗುತ್ತ ಹೋಗುತ್ತೇನೆ, ಅವನು ಸಣ್ಣವನಾಗುತ್ತ ಹೋಗುತ್ತಾನೆ ಎಂದು ಆಗ ಹೊಳೆಯಿತು. ಬಾಯಿ ಮುಚ್ಚಿದ.

ತಮ್ಮ ಶನಿವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋದ.